ರೈಲಿಗೂ ಮುಂಚೆ ರೀಲ್ಸ್ ಬಂತು: ಗೇಮು, ವಿಡಿಯೋ ಮತ್ತು ಒಂದು ಕೃಷಿ ಹೊಂಡದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲಿ ಕೂತು ಕೇಳ್ತಿರೋರಿಗೆ, ಹಾಸ್ಟೆಲ್ ಮಂಚದ ಮೇಲೆ ಬಿದ್ಕೊಂಡು ಕೇಳ್ತಿರೋರಿಗೆ, ಒಂದೇ ಇಯರ್‌ಫೋನನ್ನ ಇಬ್ರು ಹಂಚ್ಕೊಂಡು ಕೇಳ್ತಿರೋರಿಗೆ ಕೂಡ ನಮಸ್ಕಾರ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನವರಿಗೆ ಇನ್ನೊಂದು ನಮಸ್ಕಾರ ಎಕ್ಸ್‌ಟ್ರಾ. ಯಾಕಂದ್ರೆ ಇವತ್ತಿನ ಮಾತೆಲ್ಲಾ ನಿಮ್ದೇ. ಗೇಮ್ ಬಗ್ಗೆ ಒಂದಿಷ್ಟು, ವಿಡಿಯೋ ಬಗ್ಗೆ ಜಾಸ್ತಿ, ಮಧ್ಯೆ ಮಧ್ಯೆ ಊರ ಸುದ್ದಿ.

ಊರ ಸುದ್ದಿಯಿಂದಲೇ ಶುರು ಮಾಡೋಣ. ತುಮಕೂರು–ರಾಯದುರ್ಗ ರೈಲು ಮಾರ್ಗ ಅಂತ ಒಂದು ಯೋಜನೆ ಇದೆ, ಸುಮಾರು 207 ಕಿಲೋಮೀಟರ್. ಕೊರಟಗೆರೆ, ಮಧುಗಿರಿ, ಪಾವಗಡ ಮೂರೂ ಅದರ ದಾರಿಯಲ್ಲೇ ಬರ್ತವೆ. ಶಿರಾಗೆ ಬೇರೆ, ತುಮಕೂರು–ದಾವಣಗೆರೆ ಮಾರ್ಗ. ಈ ಎರಡು ಹೆಸರು ಕೇಳಿದ್ರೆ ನಮ್ಮೂರಲ್ಲಿ ಅಜ್ಜಂದಿರು ನಗ್ತಾರೆ, ಅಪ್ಪಂದಿರು ನಿಟ್ಟುಸಿರು ಬಿಡ್ತಾರೆ, ನಾವು ಸ್ಕ್ರಾಲ್ ಮಾಡ್ತೀವಿ. ರಾಯದುರ್ಗದ ಕಡೆಯಿಂದ ಆಂಧ್ರದೊಳಗೆ ಕಲ್ಯಾಣದುರ್ಗದ ತನಕ ಟ್ರೈನ್ ಓಡಾಡಿದ್ದೂ ಆಯ್ತು. ನಮ್ಮ ಕಡೆ ಭೂಮಿ ಬಿಟ್ಟುಕೊಟ್ಟವರ ಪರಿಹಾರದ ಫೈಲು, ಮಣ್ಣಿನ ಏರಿ, ಅಲ್ಲೊಂದು ಇಲ್ಲೊಂದು ಸೇತುವೆ. ಅದೇ 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಶುರುವಾಯ್ತು ನೋಡಿ, ಭೂಸ್ವಾಧೀನ ಇಲ್ಲ, ಸರ್ವೆ ಇಲ್ಲ, ಸೀದಾ ಮನೆ ಒಳಗೇ ಬಂತು. ರೈಲಿಗೂ ಮುಂಚೆ ರೀಲ್ಸ್ ಬಂದ ಊರುಗಳು ನಮ್ಮವು. ಇದು ತಮಾಷೆಗೆ ಹೇಳಿದ ಮಾತು, ಆದ್ರೆ ಪೂರ್ತಿ ತಮಾಷೆಯೂ ಅಲ್ಲ. ಶಿರಾದ ಹುಡುಗ ಬೆಂಗಳೂರಿಗೆ ಹೋಗೋಕೆ ಇವತ್ತೂ ಬಸ್ಸಿಗೇ ಕಾಯಬೇಕು. ಸಿಂಗಾಪುರದ ಸರ್ವರ್‌ಗೆ ಹೋಗೋಕೆ ಅವನಿಗೆ ಒಂದು ಸೆಕೆಂಡೂ ಬೇಡ.

ಸರಿ, ಗೇಮು. ನಮ್ಮ ವಯಸ್ಸಿನವರಿಗೆ ಕೆಲವು ದಿನಾಂಕಗಳು ಪ್ಲಾಸಿ ಕದನಕ್ಕಿಂತ ಚೆನ್ನಾಗಿ ನೆನಪಿರ್ತವೆ. 2020ರ ಜೂನ್ 29, ಟಿಕ್‌ಟಾಕ್ ಹೋಯ್ತು. ಅದೇ ವರ್ಷ ಸೆಪ್ಟೆಂಬರ್ 2, ಪಬ್‌ಜಿ ಹೋಯ್ತು. 2021ರ ಜುಲೈ 2, ಬಿಜಿಎಂಐ ಅಂತ ಹೊಸ ಹೆಸರಲ್ಲಿ ವಾಪಸ್ ಬಂತು. 2022ರ ಫೆಬ್ರವರಿ 14, ಪ್ರೇಮಿಗಳ ದಿನ, ಫ್ರೀ ಫೈರ್ ಬ್ಯಾನ್. ಅದೇ ಜುಲೈ 28ಕ್ಕೆ ಬಿಜಿಎಂಐ ಕೂಡ ಪ್ಲೇ ಸ್ಟೋರ್‌ನಿಂದ ಮಾಯ. 2023ರ ಮೇ ತಿಂಗಳಲ್ಲಿ ಮತ್ತೆ ಪ್ರತ್ಯಕ್ಷ, ಈ ಸಲ ಹದಿನೆಂಟರೊಳಗಿನವರಿಗೆ ದಿನಕ್ಕೆ 3 ಗಂಟೆ, ದೊಡ್ಡವರಿಗೆ 6 ಗಂಟೆ ಅಂತ ಮಿತಿ ಹಾಕ್ಕೊಂಡು. ಆರು ಗಂಟೆ ಅಂತೆ! ಆರು ಗಂಟೆ ಆಡೋನಿಗೆ ಅದು ಮಿತಿ ಅಲ್ಲ, ಅದು ಒಂದು ಶಿಫ್ಟು.

ಪಬ್‌ಜಿ ಬ್ಯಾನ್ ಆದಾಗ ಟಿವಿಯಲ್ಲಿ ಬೆಂಗಳೂರಿನ ಹುಡುಗರನ್ನ ತೋರಿಸ್ತಿದ್ರು. ಹಳ್ಳಿ ಕಡೆ ನಿಜವಾದ ರಾಜ ಫ್ರೀ ಫೈರ್. ಕಾರಣ ತುಂಬಾ ಸರಳ. ಪಬ್‌ಜಿಗೆ ಸ್ವಲ್ಪ ಒಳ್ಳೇ ಫೋನ್ ಬೇಕು, ಒಂದು ಮ್ಯಾಚ್‌ಗೆ 100 ಜನ, ಹತ್ತಿರ ಹತ್ತಿರ ಅರ್ಧ ಗಂಟೆ. ಫ್ರೀ ಫೈರ್ 2 ಜಿಬಿ ರ‍್ಯಾಮ್‌ನ ಫೋನಲ್ಲೂ ಓಡುತ್ತೆ, 50 ಜನ, ಹತ್ತು ನಿಮಿಷದಲ್ಲಿ ಮ್ಯಾಚ್ ಮುಗೀತು. ಅಣ್ಣ ಬಿಟ್ಟ ಹಳೇ ಫೋನು ತಮ್ಮನ ಕೈಗೆ ಬರೋ ಮನೆಗಳಲ್ಲಿ ಯಾವುದು ಗೆಲ್ಲುತ್ತೆ ಅಂತ ಬೇರೆ ಹೇಳಬೇಕಾ? ಬ್ಯಾನ್ ಆದ ಮೇಲೂ ಫ್ರೀ ಫೈರ್ ಮ್ಯಾಕ್ಸ್ ಇತ್ತಲ್ಲ, ಎಲ್ಲಾ ಅಲ್ಲಿಗೇ ಗಂಟು ಮೂಟೆ ಕಟ್ಟಿದ್ರು. 2023ರಲ್ಲಿ ಧೋನಿ ಮುಖ ಹಾಕಿ ಫ್ರೀ ಫೈರ್ ಇಂಡಿಯಾ ಬರುತ್ತೆ ಅಂದ್ರು, ಸೆಪ್ಟೆಂಬರ್ 5ಕ್ಕೆ ದಿನಾನೂ ಗೊತ್ತು ಮಾಡಿದ್ರು, ಆಮೇಲೆ ಮುಂದಕ್ಕೆ ಹಾಕಿದ್ರು. ನಮ್ಮ ರೈಲಿನ ಥರಾನೇ.

ಆ ಹತ್ತು ನಿಮಿಷದ ಮ್ಯಾಚ್‌ಗೆ ನಮ್ಮ ಕಡೆ ಇನ್ನೊಂದು ಉಪಯೋಗ ಇದೆ, ಸಿಟಿಯವರಿಗೆ ಇದು ಗೊತ್ತಾಗಲ್ಲ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ಪಾಳಿಯಲ್ಲಿ ಬರುತ್ತೆ. ರಾತ್ರಿ ಪಾಳಿ ಬಂತು ಅಂದ್ರೆ ಮನೆಯ ಚಿಕ್ಕ ಹುಡುಗನೇ ತೋಟಕ್ಕೆ ಹೋಗಬೇಕು. ಮೋಟಾರ್ ಆನ್ ಮಾಡಿ, ಮಡೆ ತಿರುವಿ, ಮುಂದಿನ ಸಾಲಿಗೆ ನೀರು ಹೋಗೋ ತನಕ ಏನು ಮಾಡ್ತೀಯಾ? ಒಂದು ಮ್ಯಾಚ್. ಮಧುಗಿರಿ, ಶಿರಾ, ಪಾವಗಡ ಕಡೆ ಕರಡಿ ಕಾಟ ಬೇರೆ. ಕಡ್ಲೆಕಾಯಿ ಹೊಲದ ಹತ್ತಿರ ಕೂತು, ಕಿವಿಗೆ ಇಯರ್‌ಫೋನ್ ತುರುಕ್ಕೊಂಡು, ಸ್ಕ್ರೀನ್ ಮೇಲೆ ಶತ್ರುವಿನ ಹೆಜ್ಜೆ ಸದ್ದು ಕೇಳಿಸ್ಕೊಳ್ತಾ ಇದ್ರೆ ಬೆನ್ನ ಹಿಂದಿನ ಹೆಜ್ಜೆ ಸದ್ದು ಕೇಳ್ಸಲ್ಲ ಮಾರಾಯ. ಒಂದು ಕಿವಿ ಖಾಲಿ ಬಿಡಿ ಅಂತ ನಾನು ಎಲ್ಲರಿಗೂ ಹೇಳ್ತೀನಿ, ಗೇಮ್‌ನಲ್ಲಿ ಸತ್ರೆ ಲಾಬಿಗೆ ವಾಪಸ್ ಬರಬಹುದು.

ಇದರಲ್ಲಿ ಒಂದು ವ್ಯಂಗ್ಯ ಇದೆ. ಪಾವಗಡದಲ್ಲಿ ಸೋಲಾರ್ ಪಾರ್ಕ್ ಇದೆಯಲ್ಲ, 2,050 ಮೆಗಾವ್ಯಾಟ್, ಸುಮಾರು 13,000 ಎಕರೆ, ತಿರುಮಣಿ, ಬಳಸಮುದ್ರ, ವಳ್ಳೂರು ಕಡೆ. ಜಮೀನು ಮಾರಾಟ ಅಲ್ಲ, ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಹಗಲೆಲ್ಲಾ ಅಲ್ಲಿ ಬಿಸಿಲು ಕರೆಂಟಾಗಿ ಗ್ರಿಡ್‌ಗೆ ಹೋಗುತ್ತೆ. ಡ್ರೋನ್ ಶಾಟ್‌ನಲ್ಲಿ ನೋಡಿದ್ರೆ ನೀಲಿ ಸಮುದ್ರದ ಥರ ಕಾಣುತ್ತೆ, ನಮ್ಮ ತಾಲ್ಲೂಕಿಗೆ ಸಿಕ್ಕ ಏಕೈಕ ಸಮುದ್ರ. ಮಳೆ ನಂಬ್ಕೊಂಡು ಕಡ್ಲೆಕಾಯಿ ಇಡ್ತಿದ್ದ ಅಪ್ಪನಿಗೆ ವರ್ಷಕ್ಕೊಂದ್ಸಲ ಗ್ಯಾರಂಟಿ ದುಡ್ಡು ಬಂತು, ಅದು ಸಣ್ಣ ಮಾತಲ್ಲ. ಆದ್ರೆ ಜಮೀನೇ ಇಲ್ಲದೆ ಬೇರೆಯವರ ಹೊಲದಲ್ಲಿ ಕೂಲಿ ಮಾಡ್ತಿದ್ದವನಿಗೆ ಗುತ್ತಿಗೆ ದುಡ್ಡು ಬರಲ್ಲ, ಹೊಲವೂ ಇಲ್ಲ. ಆ ವಿಷಯಕ್ಕೆ ಬೇರೆ ಸಂಚಿಕೆಯೇ ಬೇಕು, ಈಗ ಬಿಟ್ಟು ಮುಂದೆ ಹೋಗ್ತೀನಿ.

ಪಾವಗಡದವರ ಸ್ಕ್ವಾಡ್‌ಗೆ ಸೇರಿದ್ರೆ ಇನ್ನೊಂದು ಮಜಾ. ಮೂರು ಕಡೆ ಆಂಧ್ರ, ಹಾಗಾಗಿ ವಾಯ್ಸ್ ಚಾಟ್‌ನಲ್ಲಿ ಅರ್ಧ ತೆಲುಗು. "ಮಗಾ ಮನೆ ಮೇಲೆ ಒಬ್ಬ ಉನ್ನಾಡು ರಾ, ಗ್ರೆನೇಡ್ ವೆಯ್" ಅಂತಾರೆ. ಎದುರಾಳಿಗೆ ಏನು ಅರ್ಥ ಆಗುತ್ತೆ ಪಾಪ. ಅದೇ ಅವರ ಸೀಕ್ರೆಟ್ ಕೋಡು.

ಪಿಂಗ್ ಬಗ್ಗೆ ಬಹಳ ಜನ ಕೇಳ್ತಾರೆ. "ಅಣ್ಣ, ಫೋನ್ ಹೊಸದು, ಆದ್ರೂ ಸಾಯಂಕಾಲ ಲ್ಯಾಗ್ ಯಾಕೆ?" ಪಿಂಗ್ ಅಂದ್ರೆ ನೀವು ಫೈರ್ ಬಟನ್ ಒತ್ತಿದ ಸುದ್ದಿ ಸರ್ವರ್‌ಗೆ ಹೋಗಿ ಉತ್ತರ ವಾಪಸ್ ಬರೋ ಸಮಯ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಹೆಚ್ಚುಕಮ್ಮಿ 2 ಲಕ್ಷ ಕಿಲೋಮೀಟರ್ ಓಡುತ್ತೆ. ಸಿಂಗಾಪುರದ ತನಕ ಹೋಗಿ ಬರೋಕೆ ಮೂವತ್ತು ಚಿಲ್ಲರೆ ಮಿಲಿಸೆಕೆಂಡ್ ಸಾಕು. ಹಾಗಾದ್ರೆ ನಿಮಗೆ 180 ಯಾಕೆ ತೋರಿಸುತ್ತೆ? ತಡ ಆಗೋದು ಸಮುದ್ರದಲ್ಲಿ ಅಲ್ಲ, ನಿಮ್ಮೂರ ಟವರ್‌ನಲ್ಲಿ. ಒಂದು ಟವರ್‌ಗೆ ಇಷ್ಟು ಅಂತ ಸಾಮರ್ಥ್ಯ ಇರುತ್ತೆ, ಅದನ್ನ ಆ ಹೊತ್ತಿಗೆ ಯಾರ‍್ಯಾರು ಬಳಸ್ತಿದಾರೋ ಅವರಿಗೆಲ್ಲಾ ಹಂಚಬೇಕು. ರಾತ್ರಿ ಏಳರಿಂದ ಹತ್ತರ ತನಕ ಊರಿಗೆ ಊರೇ ಸೀರಿಯಲ್ಲು, ಶಾರ್ಟ್ಸು, ಕ್ರಿಕೆಟ್ಟು ನೋಡ್ತಿರುತ್ತೆ. ಸಂತೆ ದಿನ ಒಂದೇ ಬಸ್ಸಿಗೆ ಎಲ್ರೂ ನುಗ್ಗಿದ ಹಾಗೆ. ಹೊಸ ಫೋನ್ ತಗೊಂಡ್ರೆ ಬಸ್ಸು ದೊಡ್ಡದಾಗಲ್ಲ. 2024ರ ಜುಲೈನಲ್ಲಿ ರೀಚಾರ್ಜ್ ರೇಟ್ ಏರಿಸಿದ್ರಲ್ಲ, ಜಿಯೋದ ದಿನಕ್ಕೆ ಒಂದೂವರೆ ಜಿಬಿ, 28 ದಿನದ ಪ್ಯಾಕು 239ರಿಂದ 299 ಆಯ್ತು, ಆಗ ಬಸ್ ಚಾರ್ಜ್ ಮಾತ್ರ ದೊಡ್ಡದಾಯ್ತು.

ಈಗ ಸ್ವಲ್ಪ ಸೀರಿಯಸ್. ಕೊರಟಗೆರೆ ಕಡೆಯಿಂದ ಒಬ್ಬ ಕೇಳುಗ ವಾಯ್ಸ್ ನೋಟ್ ಕಳಿಸಿದಾನೆ: ಆನ್‌ಲೈನ್ ಗೇಮ್ ಎಲ್ಲಾ ಬ್ಯಾನ್ ಆಯ್ತಂತೆ, ಬಿಜಿಎಂಐ ಆಡಿದ್ರೆ ಪೊಲೀಸ್ ಬರ್ತಾರಾ? ಬರಲ್ಲಪ್ಪಾ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಂದು ಕಾಯ್ದೆ ಪಾಸ್ ಮಾಡ್ತು, 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಅಂಕಿತ. ಇಷ್ಟು ಸ್ಪೀಡಾಗಿ ನಮ್ಮ ರೈಲಿನ ಟೆಂಡರ್ ಆಗಿದ್ರೆ! ಆ ಕಾಯ್ದೆ ನಿಲ್ಲಿಸಿರೋದು ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಟಗಳನ್ನ. ರಮ್ಮಿ, ಪೋಕರ್, ದುಡ್ಡು ಕಟ್ಟೋ ಫ್ಯಾಂಟಸಿ ಕ್ರಿಕೆಟ್ಟು. ಅಂಥ ಆಟ ನಡೆಸೋರಿಗೆ 3 ವರ್ಷದ ತನಕ ಜೈಲು ಅಥವಾ 1 ಕೋಟಿ ತನಕ ದಂಡ ಅಥವಾ ಎರಡೂ. ಜಾಹೀರಾತು ಮಾಡೋರಿಗೆ 2 ವರ್ಷ, 50 ಲಕ್ಷ. ಇ-ಸ್ಪೋರ್ಟ್ಸ್‌ಗೂ, ಮಾಮೂಲಿ ಆಟಕ್ಕೂ ಅಡ್ಡಿ ಇಲ್ಲ. ಮುಖ್ಯವಾದ ಮಾತು ಏನಂದ್ರೆ, ಆಡಿ ಕಳ್ಕೊಂಡವನಿಗೆ ಶಿಕ್ಷೆ ಇಲ್ಲ. ಕಂಪನಿಗಳು ಕೋರ್ಟಿಗೆ ಹೋಗಿ ವಿಷಯ ಸುಪ್ರೀಂ ಕೋರ್ಟ್ ತಲುಪಿದೆ.

ಕರ್ನಾಟಕ ಇದನ್ನ ಮುಂಚೆಯೇ ಒಂದ್ಸಲ ಪ್ರಯತ್ನ ಮಾಡಿತ್ತು. 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧ ಹಾಕಿದ್ರು, ಹೈಕೋರ್ಟ್ ಅದನ್ನ ರದ್ದು ಮಾಡ್ತು. ಯಾವತ್ತು ಗೊತ್ತಾ? 2022ರ ಫೆಬ್ರವರಿ 14. ಫ್ರೀ ಫೈರ್ ಬ್ಯಾನ್ ಆದ ದಿನವೇ. ಅಂದ್ರೆ ಒಂದೇ ದಿನ ನಮ್ಮ ಹುಡುಗನ ಫೋನಲ್ಲಿ ಪುಕ್ಕಟೆ ಆಡೋ ಗೇಮು ಹೋಯ್ತು, ದುಡ್ಡು ಕಟ್ಟಿ ಆಡೋ ಗೇಮು ವಾಪಸ್ ಬಂತು. ಯಾರೂ ಪ್ಲಾನ್ ಮಾಡಿದ್ದಲ್ಲ, ಕಾಕತಾಳೀಯ. ಆದ್ರೂ ನನಗೆ ಆ ದಿನ ಮರೆಯಲ್ಲ.

ಇಸ್ಪೀಟು ನಮಗೆ ಹೊಸದಲ್ಲ. ಯುಗಾದಿ ಹೊಸತೊಡಕಿಗೆ, ದೀಪಾವಳಿಗೆ ಅರಳಿ ಕಟ್ಟೆ ಮೇಲೆ ಅಂದರ್ ಬಾಹರ್ ನಡೀತಾನೇ ಇತ್ತು. ಆದ್ರೆ ಕಟ್ಟೆ ಮೇಲೆ ಸೋತವನನ್ನ ಊರು ನೋಡ್ತಿತ್ತು. "ಸಾಕು ಏಳೋ, ನಿಮ್ಮಪ್ಪಂಗೆ ಹೇಳ್ತೀನಿ" ಅನ್ನೋಕೆ ಒಬ್ಬ ಮಾವ ಇರ್ತಿದ್ದ. ಜೇಬು ಖಾಲಿ ಆದ್ರೆ ಆಟ ಮುಗೀತು. ಫೋನಲ್ಲಿ ಜೇಬೇ ಇಲ್ಲ. ಹಾಸಿಗೆಯಲ್ಲಿ ಕಂಬಳಿ ಹೊದ್ಕೊಂಡು ರಾತ್ರಿ ಎರಡು ಗಂಟೆಗೆ ಸೋಲ್ತಿರೋನು ಪಕ್ಕದಲ್ಲೇ ಮಲಗಿರೋ ಅಣ್ಣನಿಗೂ ಗೊತ್ತಾಗಲ್ಲ. ಒಂದು ಆ್ಯಪ್‌ನಲ್ಲಿ ಕಳ್ಕೊಂಡು, ಇನ್ನೊಂದು ಆ್ಯಪ್‌ನಲ್ಲಿ ಸಾಲ ತಗೊಂಡು, ಮೂರನೇ ಆ್ಯಪ್‌ನಲ್ಲಿ ಆ ಸಾಲ ತೀರ್ಸಿ. ಮಸೂದೆ ತಂದಾಗ ಸರ್ಕಾರ ಹೇಳಿದ ಅಂದಾಜು, ವರ್ಷಕ್ಕೆ ಸುಮಾರು 45 ಕೋಟಿ ಜನ 20,000 ಕೋಟಿ ರೂಪಾಯಿ ಕಳ್ಕೊಳ್ತಾರೆ ಅಂತ. ಆ ಅಂಕಿ ಬಿಡಿ. ನಿಮ್ಮ ಬ್ಯಾಚಲ್ಲಿ ಇದ್ದಕ್ಕಿದ್ದಂತೆ ಬೈಕ್ ಮಾರಿದ ಒಬ್ಬನನ್ನ ನೆನಪಿಸ್ಕೊಳ್ಳಿ, ಸಾಕು.

ಬ್ಯಾನ್ ಆದ ಮೇಲೂ ಟೆಲಿಗ್ರಾಂನಲ್ಲಿ ಲಿಂಕ್ ಬರ್ತವೆ, ಬೇರೆ ಹೆಸರು, ಬೇರೆ ಬಣ್ಣ. ಆ ಬಲೆಗೆ ಬಿದ್ದಿರೋರು ಯಾರಾದ್ರೂ ಕೇಳ್ತಿದ್ರೆ ಎರಡು ನಂಬರ್ ಹೇಳ್ತೀನಿ. ದುಡ್ಡು ಮೋಸ ಆಗಿದ್ರೆ 1930, ತಕ್ಷಣ. ಲೇಟಾದಷ್ಟೂ ದುಡ್ಡು ಅಕೌಂಟಿಂದ ಅಕೌಂಟಿಗೆ ಜಿಗೀತಾ ಹೋಗುತ್ತೆ. ಮನಸ್ಸು ಕೆಟ್ಟು ಹೋಗಿದೆ, ಮನೇಲಿ ಹೇಳೋಕೆ ಆಗ್ತಿಲ್ಲ ಅಂದ್ರೆ 14416, ಟೆಲಿ ಮಾನಸ್, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೇಮು, ಫೋನು ಬಿಡೋಕೆ ಆಗದೇ ಇರೋರಿಗೆ ಅಂತಲೇ ಶಟ್ ಕ್ಲಿನಿಕ್ ಇದೆ, 2014ರಿಂದ. ಅಲ್ಲಿಗೆ ಹೋದ್ರೆ ಹುಚ್ಚ ಅಂತಾರೆ ಅನ್ನೋ ಕಾಲ ಹೋಯ್ತು ಕಣ್ರೋ.

ಈಗ ಆ ಹೊಂಡದ ಕಥೆ. ಟೈಟಲ್ ನೋಡಿ ಇದಕ್ಕೇ ಕಾಯ್ತಿದೀರಾ ಅಂತ ಗೊತ್ತು.

2024ರ ಡಿಸೆಂಬರ್. ಮಧುಗಿರಿ ತಾಲ್ಲೂಕು, ಜನಕಲೋಟಿ ಗ್ರಾಮ. ಒಂದು ಫಾರ್ಮ್‌ನ ಕೃಷಿ ಹೊಂಡ. ಡ್ರೋನ್ ಪ್ರತಾಪ್ ಯಾರು ಅಂತ ನಾನು ಹೇಳಬೇಕಾಗಿಲ್ಲ, ಬಿಗ್ ಬಾಸ್ ಕನ್ನಡ ಹತ್ತನೇ ಸೀಸನ್ ರನ್ನರ್ ಅಪ್, ಅದಕ್ಕೂ ಮುಂಚಿನ ಕಥೆ ಇಡೀ ರಾಜ್ಯಕ್ಕೇ ಗೊತ್ತು. ಅವರು ಸೋಡಿಯಂ ಲೋಹವನ್ನ ಆ ಹೊಂಡದ ನೀರಿಗೆ ಹಾಕಿದ್ರು, ದೊಡ್ಡ ಸದ್ದು ಮಾಡಿ ಸಿಡೀತು, ನೀರು ಮೇಲಕ್ಕೆ ಚಿಮ್ತು, ವಿಡಿಯೋ ಆಯ್ತು, ವೈರಲ್ ಆಯ್ತು. ಆಮೇಲೆ ಮಿಡಿಗೇಶಿ ಠಾಣೆ ಪೊಲೀಸರು ಅವರನ್ನ ಬಂಧಿಸಿದ್ರು. ಸ್ಫೋಟಕ ವಸ್ತುಗಳ ಕಾಯ್ದೆ, ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 288ನೇ ಸೆಕ್ಷನ್, ಅಂದ್ರೆ ಸ್ಫೋಟಕವನ್ನ ನಿರ್ಲಕ್ಷ್ಯದಿಂದ ಬಳಸೋದು. ಕೆಲ ದಿನ ನ್ಯಾಯಾಂಗ ಬಂಧನ, ಆಮೇಲೆ ಜಾಮೀನು. ತಪ್ಪೋ ಸರಿಯೋ ಅನ್ನೋದು ಕೋರ್ಟಿನ ಕೆಲಸ, ನಾನು ಇಲ್ಲಿ ಜಡ್ಜ್ ಆಗಲ್ಲ.

ನನಗೆ ಇಂಟರೆಸ್ಟ್ ಇರೋದು ಆ ವಿಡಿಯೋ ಕೆಳಗಿನ ಜಗಳದಲ್ಲಿ. ಅರ್ಧ ಜನ "ವಿಜ್ಞಾನಿ ಕಣ್ರೋ, ಬೆಳೆಯೋಕೆ ಬಿಡಲ್ಲ ನಮ್ಮ ಜನ" ಅಂತಿದ್ರು. ಇನ್ನರ್ಧ ಜನ ಬರೀ ಬೈತಿದ್ರು. ಸೋಡಿಯಂ ನೀರಿಗೆ ಬಿದ್ರೆ ಏನಾಗುತ್ತೆ ಅಂತ ಒಬ್ಬರೂ ಕೇಳಲಿಲ್ಲ. ಹೈಸ್ಕೂಲ್ ಕೆಮಿಸ್ಟ್ರಿಯಲ್ಲಿ ಇದು ಇದೆ. ಸೋಡಿಯಂ ಅನ್ನೋದು ಚಾಕುವಲ್ಲಿ ಬೆಣ್ಣೆ ಥರ ಕತ್ತರಿಸಬಹುದಾದ ಮೆತ್ತನೆ ಲೋಹ. ಗಾಳಿ, ತೇವ ತಾಗಬಾರದು ಅಂತ ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡ್ತಾರೆ. ಕಾಲೇಜು ಲ್ಯಾಬಲ್ಲಿ ಲೆಕ್ಚರರ್ ಅವರೆಕಾಳಿಗಿಂತ ಚಿಕ್ಕ ಚೂರನ್ನ ಇಕ್ಕಳದಲ್ಲಿ ಹಿಡಿದು ನೀರಿಗೆ ಬಿಡ್ತಾರೆ, ಅದು ಬುಸ್ಸನೆ ನೀರಿನ ಮೇಲೆ ಓಡಾಡುತ್ತೆ. ನೀರಿನ ಜೊತೆ ಸೇರಿದಾಗ ಹೈಡ್ರೋಜನ್ ಅನಿಲ ಬರುತ್ತೆ, ಸಿಕ್ಕಾಪಟ್ಟೆ ಬಿಸಿ ಹುಟ್ಟುತ್ತೆ, ಆ ಬಿಸಿಗೆ ಹೈಡ್ರೋಜನ್ ಹತ್ಕೊಳ್ಳುತ್ತೆ. ಉಳಿಯೋದು ಸೋಡಿಯಂ ಹೈಡ್ರಾಕ್ಸೈಡ್. ಅಂದ್ರೆ ಕಾಸ್ಟಿಕ್ ಸೋಡಾ. ಚರಂಡಿ ಪೈಪ್ ಕಟ್ಕೊಂಡ್ರೆ ಸುರಿಯೋ ಪುಡಿಯಲ್ಲಿ ಇರೋದೇ ಅದು. ಕಣ್ಣಿಗೆ ಬಿದ್ರೆ ಕಣ್ಣು ಹೋಗುತ್ತೆ. ಸಿಡಿದಾಗ ಚಿಮ್ಮೋದು ಬರೀ ನೀರಲ್ಲ, ಬಿಸಿ ಕಾಸ್ಟಿಕ್ ನೀರು, ಜೊತೆಗೆ ಇನ್ನೂ ಉರೀತಿರೋ ಲೋಹದ ಚೂರುಗಳು.

ವಿಜ್ಞಾನ ಇದರಲ್ಲಿ ಇಲ್ವಾ ಅಂದ್ರೆ, ಇದೆ. ಚೆಂದದ ವಿಜ್ಞಾನ ಇದೆ. ಬರೀ ಹೈಡ್ರೋಜನ್ ಹತ್ಕೊಳ್ಳೋದ್ರಿಂದ ಅಷ್ಟು ಬೇಗ ಸಿಡಿಯೋಕೆ ಆಗಲ್ಲ ಅನ್ನೋ ಅನುಮಾನ ಕೆಲವರಿಗೆ ಇತ್ತು. ಯಾಕಂದ್ರೆ ಲೋಹದ ಸುತ್ತ ಅನಿಲದ ಪದರ ಬಂದ್ರೆ ನೀರು ತಾಗೋದೇ ತಪ್ಪಬೇಕಲ್ವಾ? 2015ರಲ್ಲಿ ಪ್ರಾಗ್‌ನ ಪಾವೆಲ್ ಯುಂಗ್‌ವಿರ್ಟ್ ಮತ್ತು ಜೊತೆಗಾರರು ಹೈ ಸ್ಪೀಡ್ ಕ್ಯಾಮೆರಾ ಇಟ್ಟು ಇದನ್ನೇ ನೋಡಿದ್ರು. ಲೋಹದಿಂದ ಎಲೆಕ್ಟ್ರಾನ್‌ಗಳು ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಬೇಗ ನೀರಿಗೆ ಹಾರ್ತವೆ, ಹಿಂದೆ ಉಳಿಯೋ ಧನ ಅಯಾನುಗಳು ಒಂದನ್ನೊಂದು ತಳ್ಳಾಡಿ ಲೋಹವೇ ಮುಳ್ಳುಮುಳ್ಳಾಗಿ ಒಡೆದು ಹೋಗುತ್ತೆ. ನೀರಿಗೆ ತಾಗೋ ಜಾಗ ಒಮ್ಮೆಲೇ ಹೆಚ್ಚಾಗುತ್ತೆ. ಅದಕ್ಕೇ ಢಂ. ಅವರೂ ಯೂಟ್ಯೂಬ್ ನೋಡೋ ಜನ ಖುಷಿ ಪಡೋ ಥರದ ವಿಡಿಯೋನೇ ಮಾಡಿದ್ದು. ವ್ಯತ್ಯಾಸ ಎಲ್ಲಿ? ಅವರಿಗೆ ಒಂದು ಪ್ರಶ್ನೆ ಇತ್ತು. ತಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ.

ಇನ್ನೊಂದು ಹಳೇ ವಿಡಿಯೋ ಇದೆ, ಹುಡುಕಿದ್ರೆ ಸಿಗುತ್ತೆ. 1947ರಲ್ಲಿ ಅಮೆರಿಕ ಸರ್ಕಾರ, ಯುದ್ಧದ ಕಾಲದಲ್ಲಿ ಮಿಕ್ಕಿದ್ದ 20,000 ಪೌಂಡ್ ಸೋಡಿಯಂ, ಅಂದ್ರೆ ಹತ್ತಿರ ಹತ್ತಿರ 9 ಟನ್, ವಾಷಿಂಗ್ಟನ್ ರಾಜ್ಯದ ಲೆನೋರ್ ಅನ್ನೋ ಸರೋವರಕ್ಕೆ ಡ್ರಮ್‌ಗಟ್ಟಲೆ ಉರುಳಿಸ್ತು. ಕಪ್ಪು ಬಿಳುಪು ಫಿಲ್ಮ್‌ನಲ್ಲಿ ನೀರು ಕಂಬದ ಥರ ಏಳುತ್ತೆ. ಆ ಸರೋವರ ಮೊದಲೇ ಕ್ಷಾರದ್ದು, ಯಾರೂ ಕುಡಿಯೋ ನೀರಲ್ಲ ಅನ್ನೋದು ಅವರ ಸಮಜಾಯಿಷಿ. ಇವತ್ತು ಯಾವ ದೇಶವೂ ಹಾಗೆ ಮಾಡೋಕೆ ಬಿಡಲ್ಲ.

ನಮ್ಮ ಹೊಂಡದ ನೀರು ಕ್ಷಾರದ ಸರೋವರ ಅಲ್ಲ. ಕೃಷಿ ಹೊಂಡ ಅಂದ್ರೇನು ಅಂತ ಬೆಂಗಳೂರಲ್ಲಿ ಕೂತು ಕೇಳ್ತಿರೋರಿಗೆ ಹೇಳ್ತೀನಿ. 2014ರಲ್ಲಿ ಕೃಷಿ ಭಾಗ್ಯ ಅಂತ ಯೋಜನೆ ಬಂತು. ಹೊಲದ ಮೂಲೆಯಲ್ಲಿ ಹೊಂಡ ತೋಡಿ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಹರಿದು ಹೋಗೋ ಮಳೆ ನೀರನ್ನ ಹಿಡಿದಿಡೋದು. ಮಳೆ ಕೈ ಕೊಟ್ಟಾಗ ಒಂದೆರಡು ಸಲ ಹಾಯಿಸಿದ್ರೆ ಬೆಳೆ ಉಳಿಯುತ್ತೆ. ಸಾವಿರ ಅಡಿ ಬೋರ್ ಕೊರೆದ್ರೂ ಧೂಳು ಬರೋ ನಮ್ಮ ತಾಲ್ಲೂಕುಗಳಲ್ಲಿ ಆ ಹೊಂಡದ ನೀರಿಗೆ ಬೆಲೆ ಕಟ್ಟೋಕೆ ಆಗಲ್ಲ. ಕುರಿ ಕುಡಿಯುತ್ತೆ, ನವಿಲು ಕುಡಿಯುತ್ತೆ. ಮಧುಗಿರಿ ತಾಲ್ಲೂಕಲ್ಲೇ ಮೈದನಹಳ್ಳಿ ಹತ್ತಿರ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ಇದೆ, ಆ ಕಡೆ ಹೊಲಗಳಲ್ಲಿ ಕೃಷ್ಣಮೃಗವೂ ನೀರಿಗೆ ಬಂದೀತು. ಕ್ಯಾಮೆರಾ ಕಣ್ಣಿಗೆ ಅದು ಸುತ್ತ ಜನ ಇಲ್ಲದ, ಚೆನ್ನಾಗಿ ಸ್ಪ್ಲ್ಯಾಷ್ ಬರೋ ಒಂದು ಲೊಕೇಶನ್.

ಆ ಹೊಂಡಗಳ ಬಗ್ಗೆ ಇನ್ನೊಂದು ವಿಷಯ ಯಾರ ರೀಲ್ಸ್‌ನಲ್ಲೂ ಬರಲ್ಲ. ಪ್ಲಾಸ್ಟಿಕ್ ಹಾಳೆ ಮೇಲೆ ಪಾಚಿ ಕಟ್ಟಿದ್ರೆ ಕಾಲು ನಿಲ್ಲಲ್ಲ. ಈಜು ಬಂದ್ರೂ ಹತ್ತಿ ಬರೋಕೆ ಹಿಡಿಯೋಕೆ ಏನೂ ಇರಲ್ಲ. ಅದಕ್ಕೇ ಯೋಜನೆಯಲ್ಲಿ ಸುತ್ತ ತಂತಿ ಬೇಲಿಯೂ ಸೇರಿರೋದು. ರಜೆ ದಿನ ಮಕ್ಕಳು ಹೊಂಡಕ್ಕೆ ಬಿದ್ದ ಸುದ್ದಿ ಬೇಸಿಗೆ ಬಂದ್ರೆ ಪೇಪರ್‌ನ ಜಿಲ್ಲಾ ಪುಟದಲ್ಲಿ ಇದ್ದೇ ಇರುತ್ತೆ, ನಾಲ್ಕು ಸಾಲು. ನಿಮ್ಮ ಮನೆ ಹೊಂಡಕ್ಕೆ ಬೇಲಿ ಇಲ್ಲಾಂದ್ರೆ ಒಂದು ಕೆಲಸ ಮಾಡಿ, ಹಳೇ ಟ್ರಾಕ್ಟರ್ ಟ್ಯೂಬೋ, ಗಂಟು ಹಾಕಿದ ದಪ್ಪ ಹಗ್ಗವೋ, ದಡದ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿ. ನೂರಿನ್ನೂರು ರೂಪಾಯಿ ಖರ್ಚು.

ನೀರಿನ ವಿಷಯಕ್ಕೆ ಬಂದ್ರೆ, ಕೆರೆ ಕೋಡಿ ಹೇಗೆ ಬಿಡಲಿ? ವರ್ಷಗಟ್ಟಲೆ ಬೆಂಚು ಬಿದ್ದಿದ್ದ ಕೆರೆಗಳು ತುಂಬಿ ಕೋಡಿ ಬಿದ್ದಾಗ ಊರಿಗೆ ಊರೇ ಹೋಗಿ ನೋಡ್ತು. ಬಾಗಿನ, ಪೂಜೆ, ಕೋಳಿ ಕೂಗಿಗೂ ಮುಂಚೆ ಲೈವ್ ವಿಡಿಯೋ. ಕೊರಟಗೆರೆಯ ತೀತಾ ಜಲಾಶಯ ಆಗಲಿ, ಶಿರಾದ ದೊಡ್ಡ ಕೆರೆ ಆಗಲಿ, ತುಂಬಿದ ನೀರು ನೋಡೋ ಆಸೆಗೆ ನಾನು ಯಾವತ್ತೂ ಅಡ್ಡ ಮಾತಾಡಲ್ಲ. ಬರ ಕಂಡ ಕಣ್ಣಿಗೆ ಅದು ಜಾತ್ರೆ. ಆದ್ರೆ ಕೋಡಿ ಕಲ್ಲಿನ ಮೇಲೆ ತೆಳುವಾಗಿ ಹರಿಯೋ ನೀರು ಮೊಣಕಾಲು ಮುಟ್ಟಬೇಕಾಗಿಲ್ಲ ಗುರೂ, ಪಾದ ಮುಳುಗಿದ್ರೂ ಎಳೆಯುತ್ತೆ. 2024ರ ಅಕ್ಟೋಬರ್‌ನಲ್ಲಿ ತುಮಕೂರು ಹತ್ತಿರದ ಮೈದಾಳ ಕೆರೆಯ ಕೋಡಿಯಲ್ಲಿ ಸೆಲ್ಫಿ ತೆಗೆಯೋಕೆ ಹೋಗಿ ಒಬ್ಬ ವಿದ್ಯಾರ್ಥಿನಿ ಜಾರಿದಳು. ಬಂಡೆ ಸಂದಿಯಲ್ಲಿ ಸಿಕ್ಕಿಹಾಕ್ಕೊಂಡು, ಮೇಲಿಂದ ನೀರು ಸುರೀತಾ ಇರೋವಾಗ ಇಡೀ ರಾತ್ರಿ ಕಳೆದಳು. ಮಾರನೇ ದಿನ ನೀರಿನ ಹರಿವನ್ನ ಬೇರೆ ಕಡೆ ತಿರುಗಿಸಿ ಅಗ್ನಿಶಾಮಕ ದಳದವರು ಜೀವಂತವಾಗಿ ಹೊರಗೆ ತಂದ್ರು. ಆ ರಕ್ಷಣೆಯ ವಿಡಿಯೋ ನೋಡಿದೀರಾ? ನಾನು ನಾಲ್ಕೈದು ಸಲ ನೋಡಿದೀನಿ. ಈ ವಾರ ವಿಡಿಯೋ ಸಜೆಸ್ಟ್ ಮಾಡಿ ಅಂತ ಕೇಳಿದವರಿಗೆ ನನ್ನ ಉತ್ತರ ಅದೇ.

ಕೊನೆಯದಾಗಿ ಮಧುಗಿರಿಯ ಡಿಗ್ರಿ ಓದ್ತಿರೋ ಹುಡುಗಿಯೊಬ್ಬಳ ಪ್ರಶ್ನೆ. ಚಾನೆಲ್ ಶುರು ಮಾಡಿದ್ರೆ ದುಡ್ಡು ಬರುತ್ತಾ, ಮನೇಲಿ ಒಂದು ವರ್ಷ ಟೈಮ್ ಕೇಳಲಾ? ಲೆಕ್ಕ ಹೇಳ್ತೀನಿ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ದುಡ್ಡು ಬರಬೇಕಾದ್ರೆ 1,000 ಸಬ್‌ಸ್ಕ್ರೈಬರ್ಸ್, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ಜನ ನೋಡಿರಬೇಕು. ಇಲ್ಲಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್. ಆಮೇಲೂ ಉದ್ದ ವಿಡಿಯೋದ ಜಾಹೀರಾತು ದುಡ್ಡಲ್ಲಿ ನಿಮಗೆ ಶೇ 55, ಉಳಿದದ್ದು ಯೂಟ್ಯೂಬ್‌ಗೆ. ಶಾರ್ಟ್ಸ್‌ನಲ್ಲಿ ನಿಮ್ಮ ಪಾಲು ಶೇ 45. ಇಂಗ್ಲಿಷ್ ವಿಡಿಯೋಗೆ ಸಿಗೋ ಜಾಹೀರಾತಿನ ರೇಟು ಕನ್ನಡಕ್ಕೆ ಸಿಗಲ್ಲ. ಡಾಕ್ಟರ್ ಬ್ರೋ ದೇಶ ದೇಶ ಸುತ್ತಿದ್ದು ನೋಡಿ ಎಲ್ರಿಗೂ ಆಸೆ ಆಗುತ್ತೆ, ಸಹಜ. ಆದ್ರೆ ಎಲ್ರೂ ವಿಮಾನ ಹತ್ತಬೇಕಾಗಿಲ್ಲ. ಡಿಗ್ರಿ ಬಿಡಬೇಡ, ವಾರಕ್ಕೊಂದು ವಿಡಿಯೋ ಮಾಡು. ಮನೇಲಿ ಒಂದು ವರ್ಷ ಕೇಳೋ ಬದಲು ಭಾನುವಾರ ಕೇಳು, ಅದು ಕೊಡ್ತಾರೆ.

ವಿಷಯ ಏನು ಅಂತೀಯಾ? ಮಧುಗಿರಿ ಬೆಟ್ಟದಿಂದಲೇ ಶುರು ಮಾಡು. ಏಕಶಿಲೆ, ಸಮುದ್ರ ಮಟ್ಟದಿಂದ 3,930 ಅಡಿ. ಅದನ್ನ ಒಬ್ಬ ಏಷ್ಯಾದಲ್ಲೇ ಮೊದಲನೇದು ಅಂತಾನೆ, ಇನ್ನೊಬ್ಬ ಎರಡನೇದು ಅಂತಾನೆ, ಸಾವನದುರ್ಗದವರು ನಮ್ದೇ ದೊಡ್ಡದು ಅಂತಾರೆ. ನೂರು ರೀಲ್ಸ್ ಇದ್ದಾವೆ, ಯಾರು ಅಳೆದ್ರು, ಯಾವುದನ್ನ ಅಳೆದ್ರು, ಎತ್ತರಾನೋ ಸುತ್ತಳತೆಯೋ ಅಂತ ಒಬ್ಬರೂ ಕೇಳಿಲ್ಲ. ಅದನ್ನ ನೀನು ಕೇಳು. ಕಲ್ಲಲ್ಲಿ ಕೊರೆದ ಮೆಟ್ಟಿಲು ಮಳೆಗೆ ಜಾರ್ತವೆ, ಮಳೆಗಾಲದಲ್ಲಿ ಕೆಳಗಿಂದಲೇ ಶೂಟ್ ಮಾಡು. ಶಿರಾ ತಾಲ್ಲೂಕಿನ ಕಗ್ಗಲಡುಗೆ ಹೋಗು, ಊರೊಳಗಿನ ಹುಣಸೆ ಮರದಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ತವೆ, ಕೆಳಗೆ ಜನ ರಾಗಿ ಮಾಡ್ಕೊಂಡು ಕೂತಿರ್ತಾರೆ. ಡ್ರೋನ್ ಮಾತ್ರ ತಗೊಂಡು ಹೋಗಬೇಡ, ಗೂಡು ಬಿಟ್ಟು ಹಾರಿದ್ರೆ ಮೊಟ್ಟೆ ಬಿಸಿಲಿಗೆ ಬೇಯುತ್ತೆ. ಫೋನ್ ಸಾಕು. ಮಲಿಕ್ ರಿಹಾನ್ ಗೋರಿ, ಶಿರಾ ಕೋಟೆ, ಅಲ್ಲೇ ಹತ್ತಿರ. ಆ ಊರಜ್ಜಿಯರ ಹತ್ರ ಕೊಕ್ಕರೆ ಮೊದಲು ಯಾವಾಗ ಬಂತು ಅಂತ ಕೇಳು, ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಎಲ್ಲಾ ರೆಕಾರ್ಡ್ ಮಾಡ್ಕೋ. ಲಿಂಕ್ ನನಗೆ ಕಳಿಸು, ಮೊದಲ ಸಬ್‌ಸ್ಕ್ರೈಬರ್ ನಾನೇ. ಇನ್ನು 999 ಹುಡುಕ್ಕೋಬೇಕು.

ಮುಂದಿನ ವಾರ ಪಾವಗಡದ ಗುತ್ತಿಗೆ ಜಮೀನಿನ ಮನೆಗಳ ಹುಡುಗರ ಜೊತೆ ಮಾತಾಡ್ತೀನಿ, ಅಲ್ಲಿನ ಕೇಳುಗರು ವಾಯ್ಸ್ ನೋಟ್ ಕಳಿಸಿ, ತೆಲುಗಲ್ಲಾದ್ರೂ ಪರವಾಗಿಲ್ಲ, ನಾನು ಅರ್ಥ ಮಾಡ್ಕೋತೀನಿ. ಒಂದು ನಿಮಿಷದೊಳಗೆ ಇರಲಿ. ಹಿಂದೆ ಗಾಳಿ ಸದ್ದು ಬರದ ಹಾಗೆ, ಮೋಟಾರ್ ಶೆಡ್‌ನಿಂದ ಸ್ವಲ್ಪ ದೂರ ನಿಂತು ಮಾತಾಡಿ.